ನೀರಿಲ್ಲದ ಜಲಪಾತಗಳು

ಏಪ್ರಿಲ್ ಮೊದಲ ವಾರ ಅವ್ವನನ್ನು ಕರೆದುಕೊಂಡು ಬರುತ್ತೇನೆ, ರೈಲಿನ ಗಾಜಿನ ಬೋಗಿಯಲ್ಲಿ ಎರಡು ಸೀಟು ಕಾಯ್ದಿರಿಸಿದ್ದೇನೆ ಎಂದಾಗ ಪುಣೆಯಲ್ಲಿದ್ದ ಅಕ್ಕ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದಳು. "ಮಳೆಗಾಲದಲ್ಲಾದರೆ ಸರಿ. ಈ ಬಿಸಿಲಿನಲ್ಲಿ ಅಷ್ಟು ದುಡ್ಡು ಕೊಟ್ಟು ನೋಡುವುದಕ್ಕೆ ಅಲ್ಲಿ ಏನಿದೆ?" ಎಂದಳು. ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ಹಿಂದಿನ ವರ್ಷದವರೆಗೆ ನಾನೂ ಹಾಗೆಯೇ ಯೋಚಿಸುತ್ತಿದ್ದೆ. ಟಿಕೆಟ್ ತೆಗೆಸು ಎಂದು ಹಟ ಹಿಡಿದವಳು ಅವ್ವ.

ನಾನಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಅಕ್ಕ ಇರುವುದು ಪುಣೆಯ ಕೋಥ್ರೂಡಿನಲ್ಲಿ. ಅಪ್ಪ ಹೋದ ಮೇಲೆ ಕುಂದಗೋಳದ ಮನೆಗೆ ಬೀಗ ಹಾಕಿ ಬಂದ ಅವ್ವ ಎರಡು ತಿಂಗಳು ನನ್ನ ಬಳಿ, ಎರಡು ತಿಂಗಳು ಅಕ್ಕನ ಬಳಿ ಇರುತ್ತಾಳೆ. ಎರಡು ಮನೆಗಳ ನಡುವೆ ಸಹ್ಯಾದ್ರಿಯ ಬೋರ್ ಘಾಟ್ ಇದೆ. ಹೀಗಾಗಿ ಒಂದು ವರ್ಷದಲ್ಲಿ ನಾವಿಬ್ಬರೂ ಆ ಘಾಟನ್ನು ಎಷ್ಟೋ ಸಲ ಹತ್ತಿದೆವು, ಇಳಿದೆವು. ಹೆಚ್ಚಿನ ಸಲ ಸಾಮಾನ್ಯ ಬೋಗಿಯಲ್ಲಿ, ಕೆಲವು ಸಲ ಡೆಕ್ಕನ್ ಎಕ್ಸ್‌ಪ್ರೆಸ್ಸಿನ ವಿಸ್ಟಾಡೋಮ್ ಎಂಬ ಗಾಜಿನ ಬೋಗಿಯಲ್ಲಿ. 2021ರ ಜೂನ್ 26ರಂದು ಈ ಗಾಡಿಗೆ ಆ ಬೋಗಿ ಜೋಡಿಸಿದರು. ಮುಂಬಯಿ–ಪುಣೆ ಮಾರ್ಗದಲ್ಲಿ ಅದೇ ಮೊದಲನೆಯದು. ನಲವತ್ತನಾಲ್ಕು ಸೀಟು, ಅಗಲವಾದ ಕಿಟಕಿ, ಗಾಜಿನ ಚಾವಣಿ, ಬೇಕಾದ ಕಡೆಗೆ ತಿರುಗಿಸಿಕೊಳ್ಳಬಹುದಾದ ಕುರ್ಚಿ. ಬೆಳಿಗ್ಗೆ ಏಳಕ್ಕೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಹೊರಟ ಗಾಡಿಯನ್ನು ನಾವು ಕಲ್ಯಾಣದಲ್ಲಿ ಹಿಡಿಯುತ್ತೇವೆ.

ಮೊದಲ ಸಲ ಆ ಬೋಗಿಯಲ್ಲಿ ಕುಳಿತದ್ದು ಜುಲೈ ತಿಂಗಳಲ್ಲಿ. ಅವ್ವನ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿತ್ತು. ಇನ್ನೂ ಸ್ವಲ್ಪ ದಿನ ಹೋಗಲಿ ಎಂದು ಶಸ್ತ್ರಚಿಕಿತ್ಸೆಯನ್ನು ಅವಳೇ ಮುಂದೂಡುತ್ತಾ ಬಂದಿದ್ದಳು. ಗಾಜಿನ ತುಂಬ ಹಸಿರು, ಹಸಿರಿನ ಮೇಲೆ ಮಂಜು. ಬೋಗಿಯ ಮಕ್ಕಳೆಲ್ಲ ಎದ್ದು ನಿಂತು ಅಗೋ ಜಲಪಾತ, ಇಗೋ ಜಲಪಾತ ಎಂದು ಕೂಗುತ್ತಿದ್ದರು. ಚಾವಣಿಯ ಗಾಜಿನ ಮೇಲೆ ನೀರು ಹೊಳೆಯಂತೆ ಹರಿಯುತ್ತಿತ್ತು. ನಾನೂ ಸಂಭ್ರಮದಿಂದ ಅವ್ವನ ಭುಜ ಮುಟ್ಟಿ ಅಲ್ಲಿ ನೋಡು, ಇಲ್ಲಿ ನೋಡು ಎನ್ನುತ್ತಿದ್ದೆ. ಅವಳು ನಾನು ತೋರಿಸಿದ ಕಡೆಗೆಲ್ಲ ಮುಖ ತಿರುಗಿಸಿ ತಲೆಯಾಡಿಸಿದಳು. ಖಂಡಾಲ ದಾಟಿದ ಮೇಲೆ ಮೆಲ್ಲಗೆ, "ನನಗೆ ಎಲ್ಲ ಒಂದೇ ಬಣ್ಣ ಕಾಣುತ್ತದೆ. ಹಸಿರು ಕಂಬಳಿ ಹೊದಿಸಿದ ಹಾಗೆ. ಆದರೆ ಸುರಂಗ ಎಷ್ಟು ಬಂದವು ಎಂದು ಬೇಕಾದರೆ ಹೇಳುತ್ತೇನೆ," ಎಂದಳು.

ಅವಳು ಕಣ್ಣು ಮುಚ್ಚಿಕೊಂಡು ಸುರಂಗಗಳನ್ನು ಎಣಿಸುತ್ತಿದ್ದಳು. ಸುರಂಗ ಹತ್ತಿರ ಬಂದಾಗ ಗಾಡಿಯ ಸದ್ದು ಮೊದಲು ಕಿರಿದಾಗುತ್ತದೆ, ಆಮೇಲೆ ಕಿವಿಗಳ ಮೇಲೆ ಯಾರೋ ಅಂಗೈ ಇಟ್ಟಂತಾಗುತ್ತದೆ, ಹೊರಗೆ ಬಂದೊಡನೆ ಕೈ ತೆಗೆದಂತಾಗುತ್ತದೆ ಎಂದು ವಿವರಿಸಿದಳು. ಉದ್ದ ಸುರಂಗ ಯಾವುದು, ಗಿಡ್ಡ ಯಾವುದು, ಎರಡು ಸುರಂಗಗಳ ನಡುವೆ ಕಣಿವೆ ತೆರೆದುಕೊಂಡಿದೆಯೋ ಬರೀ ಬಂಡೆಯಿದೆಯೋ ಎಂಬುದನ್ನೂ ಅವಳು ಕಿವಿಯಿಂದಲೇ ತಿಳಿದುಕೊಂಡಿದ್ದಳು. ಕಣ್ಣು ಸರಿಯಿದ್ದ ನನಗೆ ಇದೊಂದೂ ಗೊತ್ತಾಗಿರಲಿಲ್ಲ. ನಾನು ಮೊಬೈಲಿನಲ್ಲಿ ಎಂಬತ್ತು ಚಿತ್ರ ತೆಗೆದಿದ್ದೆ. ರಾತ್ರಿ ಅಕ್ಕನ ಮನೆಯಲ್ಲಿ ತೆರೆದು ನೋಡಿದರೆ ಎಂಬತ್ತೂ ಒಂದೇ ಚಿತ್ರದ ಹಾಗಿದ್ದವು. ಅವ್ವ ಹೇಳಿದ ಹಸಿರು ಕಂಬಳಿ!

ಗಾಜಿನ ಬೋಗಿಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಕೊಡುವುದೂ ಇದೆ, ಕಸಿದುಕೊಳ್ಳುವುದೂ ಇದೆ. ಸಾಮಾನ್ಯ ಕಿಟಕಿಯಿಂದ ಬೆಟ್ಟದ ನಡುಭಾಗ ಮಾತ್ರ ಕಾಣುತ್ತದೆ. ತಲೆಯ ಮೇಲೆ ಬಾಗಿದ ಬಂಡೆಯ ಅಂಚು, ಸುರಂಗದ ಬಾಯಿಯ ಮೇಲ್ಗಡೆ ಬೇರು ಇಳಿಬಿಟ್ಟ ಮರ, ನೀರು ಎಲ್ಲಿಂದ ಧುಮುಕಲು ಶುರುವಾಗುತ್ತದೆಂಬ ಜಾಗ, ಇವೆಲ್ಲ ಚಾವಣಿಯ ಗಾಜಿನಲ್ಲಿಯೇ ಕಾಣಬೇಕು. ಆದರೆ ಆ ಗಾಜು ತೆರೆಯುವುದಿಲ್ಲ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆ, ಮುಖಕ್ಕೆ ಬಡಿಯುವ ಹನಿ, ಸುರಂಗದೊಳಗಿನ ತಣ್ಣನೆಯ ಗಾಳಿ ಒಳಗೆ ಬರುವುದಿಲ್ಲ. ಮಳೆಗಾಲದಲ್ಲಿ ನನ್ನನ್ನು ಕೇಳಿದರೆ ಸಾಮಾನ್ಯ ಬೋಗಿಯ ಕಿಟಕಿಯ ಸೀಟೇ ಮೇಲು. ಬಟ್ಟೆ ತೊಯ್ದರೆ ತೊಯ್ಯಲಿ.

ಘಾಟ್ ಶುರುವಾಗುವುದು ಕರ್ಜತ್‌ನಿಂದ. ಮುಂಬಯಿಯಿಂದ ನೂರು ಕಿಲೋಮೀಟರ್. ಪ್ಲಾಟ್‌ಫಾರ್ಮಿನಲ್ಲಿ ವಡಾಪಾವ್ ಮಾರುವವರ ಗದ್ದಲದ ನಡುವೆ ಗಾಡಿಯ ಬಾಲಕ್ಕೆ ಬೇರೆ ಇಂಜಿನ್‌ಗಳನ್ನು ಜೋಡಿಸುತ್ತಾರೆ. ರೈಲಿನವರು ಇವನ್ನು ಬ್ಯಾಂಕರ್ ಎನ್ನುತ್ತಾರೆ. ಮುಂದಿನ ಇಂಜಿನ್ ಎಳೆಯುತ್ತದೆ, ಇವು ಹಿಂದಿನಿಂದ ನೂಕುತ್ತವೆ. ಏರು ಅತಿ ಕಡಿದಾಗಿರುವಲ್ಲಿ ಮೂವತ್ತೇಳು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುತ್ತದೆ. ಕಾಲುದಾರಿಯಲ್ಲಿ ನಡೆಯುವವರಿಗೆ ಇದು ಏರೇ ಅಲ್ಲ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗಳಲ್ಲಿ ಓಡುವ ಗಾಡಿಗೆ ಇದು ಭಾರಿ ಏರು. ಹಿಂದಿನಿಂದ ಮೊದಲ ನೂಕು ಬಿದ್ದಾಗ ಸೀಟಿನ ಬೆನ್ನಿಗೆ ಒಂದು ಸಣ್ಣ ಒತ್ತು ತಾಗುತ್ತದೆ. ಅವ್ವ ಪ್ರತಿ ಸಲವೂ ಆಗ "ಹಿಂದಿನವರು ಕೈ ಹಚ್ಚಿದರು" ಎನ್ನುತ್ತಾಳೆ, ಹುದಲಿನಲ್ಲಿ ಸಿಕ್ಕ ಚಕ್ಕಡಿಗೆ ಊರವರು ಕೈ ಹಚ್ಚಿದ ಹಾಗೆ.

ಆಗಸ್ಟಿನಲ್ಲಿ ಒಂದು ದಿನ ನಮ್ಮ ಗಾಡಿ ಘಾಟಿನ ನಡುವೆ, ಠಾಕೂರವಾಡಿ ದಾಟಿದ ಮೇಲೆ ನಿಂತುಬಿಟ್ಟಿತು. ಮುಂದೆ ಎಲ್ಲೋ ಹಳಿಯ ಮೇಲೆ ಕಲ್ಲು ಬಿದ್ದಿದೆ ಎಂಬ ಸುದ್ದಿ ಬೋಗಿಯಿಂದ ಬೋಗಿಗೆ ಹರಿದು ಬಂತು. ಒಂದೂವರೆ ಗಂಟೆ ನಿಂತಿದ್ದೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪಕ್ಕದ ಹಳಿಯೇ ಕಾಣುತ್ತಿರಲಿಲ್ಲ. ಆ ಮಂಜಿನೊಳಗಿನಿಂದ ಹಳದಿ ರೇನ್‌ಕೋಟು ತೊಟ್ಟ ಒಬ್ಬ ಮನುಷ್ಯ ಹೊರಬಂದ. ಕೈಯಲ್ಲಿ ಲಾಟೀನು, ಹೆಗಲಲ್ಲಿ ಚೀಲ. ಹಳಿಯನ್ನೇ ನೋಡುತ್ತಾ ನಮ್ಮ ಕಿಟಕಿಯ ಕೆಳಗೆ ಹಾದು ಮತ್ತೆ ಮಂಜಿನೊಳಗೆ ಹೋದ. ಮಳೆಗಾಲದುದ್ದಕ್ಕೂ ಹಗಲು ರಾತ್ರಿ ಹೀಗೆ ಹಳಿ ಕಾಯುವವರಿದ್ದಾರೆ. ಕಲ್ಲು ಬಿದ್ದದ್ದು ಕಂಡರೆ ಬರುವ ಗಾಡಿಯನ್ನು ನಿಲ್ಲಿಸಲು ಅವರ ಚೀಲದಲ್ಲಿ ಕೆಂಪು ಬಾವುಟ, ಹಳಿಗೆ ಕಟ್ಟುವ ಪಟಾಕಿ ಇರುತ್ತವೆ. ಆ ದಿನ ಗಾಡಿಯಲ್ಲಿದ್ದ ಕೆಲವರು ತಡವಾಯಿತೆಂದು ರೇಗುತ್ತಿದ್ದರು. ನನಗೆ ಅವನ ಒದ್ದೆ ಪಾದಗಳೇ ಕಣ್ಣ ಮುಂದಿದ್ದವು.

ಲೋಣಾವಳದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಲ್ಲಿಂದ ಅರವತ್ತನಾಲ್ಕು ಕಿಲೋಮೀಟರ್ ದೂರದ ಪುಣೆಯಲ್ಲಿ ಅದರ ಐದನೆಯ ಒಂದು ಭಾಗವೂ ಇಲ್ಲ. ಮೋಡಗಳೆಲ್ಲ ಸಹ್ಯಾದ್ರಿಯ ಎದೆಗೆ ಬಡಿದು ಬರಿದಾಗುತ್ತವೆ. ಆ ನೀರಿನಲ್ಲಿ ಒಂದು ಪಾಲು ಉಲ್ಹಾಸ ನದಿಯಾಗಿ ರಾಜಮಾಚಿಯ ಕಣಿವೆಯಿಂದ ಕರ್ಜತ್‌ಗೆ, ಬದಲಾಪುರಕ್ಕೆ, ಕಲ್ಯಾಣದ ಖಾರಿಗೆ ಇಳಿಯುತ್ತದೆ. ನಾವು ಕಲ್ಯಾಣದಿಂದ ಹೊರಟು ಅದೇ ನೀರಿಗೆ ಎದುರಾಗಿ ಹತ್ತುತ್ತೇವೆ. 2019ರ ಜುಲೈ 27ರಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ವಾಂಗಣಿ ಹತ್ತಿರ ಈ ನದಿಯ ನೆರೆಯಲ್ಲಿ ಸಿಕ್ಕಿಕೊಂಡಾಗ ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ದಡ ಸೇರಿಸಿದ್ದರು. ಕೊಲ್ಲಾಪುರಕ್ಕೆ ಹೋಗುವ ಆ ಗಾಡಿಯಲ್ಲಿ ನಿಪ್ಪಾಣಿ, ಬೆಳಗಾವಿ ಕಡೆಯ ನಮ್ಮವರು ಸದಾ ಇರುತ್ತಾರೆ. ಅಂದು ನಮ್ಮ ಕಟ್ಟಡದ ಅರ್ಧದಷ್ಟು ಮನೆಗಳಲ್ಲಿ ಟಿವಿ ಆರಿಸಲಿಲ್ಲ. ಜಲಪಾತ ಚಂದ ಎನ್ನುವಾಗ ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದೂ ನೆನಪಿರಬೇಕು.

ಸೆಪ್ಟೆಂಬರಿನ ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಗಾಡಿಯಲ್ಲಿ ಗಣೇಶನ ಹಬ್ಬದ ಜನಜಾತ್ರೆ. ಹಳಿಯ ಪಕ್ಕದ ದಿಬ್ಬಗಳ ಮೇಲೆ ಗೌರಿ ಹೂ ಗುಲಾಬಿ ಬಣ್ಣ ಚೆಲ್ಲಿದ್ದವು, ಅವುಗಳ ಮೇಲ್ಗಡೆ ಹಳದಿ ಸೋನಕಿ. ಅವ್ವನಿಗೆ ಬಣ್ಣ ಮಾತ್ರ ಕಂಡಿತು, ಹೂ ಕಾಣಲಿಲ್ಲ. ಆ ದಿನವೇ ಅವಳು ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡಳು.

ನವೆಂಬರಿನಲ್ಲಿ ಪುಣೆಯಲ್ಲಿ ಎರಡೂ ಕಣ್ಣುಗಳ ಪೊರೆ ತೆಗೆಸಿದೆವು, ನಡುವೆ ಎರಡು ವಾರ ಬಿಟ್ಟು. ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆಂದು ನಾನು ಒಬ್ಬಳೇ ಘಾಟ್ ಹತ್ತಿದೆ. ಬೆಳಗಿನ ಕಣಿವೆಯ ತುಂಬ ಮಂಜು ಕೆನೆಯಂತೆ ಕಟ್ಟಿ ನಿಂತಿತ್ತು, ಹುಲ್ಲು ಆಗಲೇ ಹೊಂಬಣ್ಣಕ್ಕೆ ತಿರುಗಿತ್ತು. ಆ ಉತ್ಸವವೆಂದರೆ ಅವ್ವನಿಗೆ ತವರಿನ ಹಬ್ಬ. ಸವಾಯಿ ಗಂಧರ್ವರು ಅವಳ ಊರಿನವರು. ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಇದನ್ನು ಶುರು ಮಾಡಿ ಬೆಳೆಸಿದ ಭೀಮಸೇನ ಜೋಶಿಯವರು ಗದಗ ಕಡೆಯವರು. ಹನ್ನೊಂದರ ವಯಸ್ಸಿನಲ್ಲಿ ಹಾಡು ಕಲಿಸುವ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ ಹುಡುಗ ಕೊನೆಗೆ ಕುಂದಗೋಳದಲ್ಲಿ ನೆಲೆ ಕಂಡದ್ದನ್ನು ಅವ್ವ ನಮಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಆ ಸಂಜೆ ವೇದಿಕೆಯಿಂದ ಬಹಳ ದೂರ ಕುಳಿತಿದ್ದರೂ ತಂಬೂರಿಯ ತಂತಿಗಳ ಮೇಲೆ ಬೆರಳು ಆಡುವುದು ಕಾಣುತ್ತದೆ ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿದಳು. ನನಗೆ ಕಾಣುತ್ತಿರಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಅವಳನ್ನು ಡೊಂಬಿವಲಿಗೆ ಕರೆತಂದೆ. ಇಳಿಯುವ ಗಾಡಿ ಬೇರೆಯೇ ಅನುಭವ. ಹತ್ತುವಾಗ ಶಕ್ತಿಯ ಚಿಂತೆ, ಇಳಿಯುವಾಗ ತಡೆಯುವ ಚಿಂತೆ. ಘಾಟಿನಲ್ಲಿ ಅಲ್ಲಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡದ ಕಡೆಗೆ ಏರಿ ನಿಂತುಬಿಡುವ ಹಳಿಗಳಿವೆ. ಕ್ಯಾಚ್ ಸೈಡಿಂಗ್ ಎನ್ನುತ್ತಾರೆ. ಬ್ರೇಕು ಕೈಕೊಟ್ಟ ಗಾಡಿ ಕಣಿವೆಗೆ ಬೀಳದೆ ಆ ಏರಿನಲ್ಲಿ ತಾನಾಗಿ ನಿಲ್ಲಲಿ ಎಂಬುದಕ್ಕೆ ಈ ಏರ್ಪಾಡು. ದಾರಿ ಯಾವಾಗಲೂ ಆ ಕುರುಡು ಹಳಿಯ ಕಡೆಗೇ ತೆರೆದಿರುತ್ತದೆ. ಇಳಿಯುವ ಗಾಡಿ ಬಂದು, ನಿಂತು, ತನ್ನ ಬ್ರೇಕು ಸರಿಯಿದೆ ಎಂದು ತೋರಿಸಿದ ಮೇಲೆಯೇ ಮುಂದಿನ ಹಳಿಗೆ ಬಿಡುತ್ತಾರೆ. ಸಂಜೆಯ ಬಿಸಿಲಿನಲ್ಲಿ ಹಾಗೆ ನಿಂತ ಎರಡು ನಿಮಿಷದಲ್ಲಿ ಅವ್ವ ಕಿಟಕಿಯ ಹೊರಗೆ ಒಂದು ಬೂರುಗದ ಮರ ಕಂಡಳು. ಒಂದೂ ಎಲೆಯಿಲ್ಲ, ಮೈತುಂಬ ಕೆಂಪು ಹೂ, ಹೂವಿಗೊಂದು ಹಕ್ಕಿ. ಕೆಳಗೆ ಪಳಸದರಿ ಹತ್ತಿರ ಮುತ್ತುಗದ ಮರಗಳು ಹೊತ್ತಿ ಉರಿದಂತಿದ್ದವು. ಮರಾಠಿಯಲ್ಲಿ ಪಳಸ ಎಂದರೆ ಮುತ್ತುಗ ಎಂದು ಹೇಳಿದೆ. "ಹಾಗಾದರೆ ಆ ಊರಿನ ಹೆಸರು ಈಗ ಅರ್ಥವಾಯಿತು," ಎಂದಳು. ಅದೇ ದಿನ ಮನೆಗೆ ಬಂದ ಮೇಲೆ, ಕೈಕಾಲು ತೊಳೆಯುವುದಕ್ಕೂ ಮೊದಲು, ಬೇಸಿಗೆಯಲ್ಲಿ ಇನ್ನೊಮ್ಮೆ ಗಾಜಿನ ಬೋಗಿಯಲ್ಲಿ ಕರೆದುಕೊಂಡು ಹೋಗು ಎಂದಳು.

ಬೇಸಿಗೆಯಲ್ಲಿ ಯಾಕೆ ಎಂದು ನಾನು ಕೇಳಿದ್ದಕ್ಕೆ ಅವಳು ಅವಳ ಅಪ್ಪನ ಮಾತು ಹೇಳಿದಳು. ನಮ್ಮ ಅಜ್ಜ ಕುಂದಗೋಳದ ಎರೆಹೊಲದ ರೈತ. ಹೊಲ ಕೊಳ್ಳಬೇಕೆಂದರೆ ಅವನು ಚೈತ್ರ, ವೈಶಾಖದ ಬಿಸಿಲಿಗೆ ಕಾಯುತ್ತಿದ್ದನಂತೆ. ಬೆಳೆ ನಿಂತಾಗ ಎಲ್ಲರ ಹೊಲವೂ ಚಂದ. ಪೈರು ಕೊಯ್ದು, ಕಣ ಮುಗಿದು, ನೆಲ ಬರಿದಾಗಿ ಬಿರುಕು ಬಿಟ್ಟಾಗ ಹೋಗಿ ನಿಂತರೆ ಒಡ್ಡು ಎಲ್ಲಿ ಒಡೆದಿದೆ, ನೀರು ಯಾವ ಕಡೆಗೆ ಕೊರೆದುಕೊಂಡು ಹೋಗುತ್ತದೆ, ಕರಿಕೆ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಎಲ್ಲ ಕಾಣುತ್ತದೆ. "ನನಗೆ ಆ ಬೆಟ್ಟವನ್ನು ಹಾಗೆ ನೋಡಬೇಕು," ಎಂದಳು.

ಹಾಗಾಗಿ ಏಪ್ರಿಲ್. ಬೋಗಿಯಲ್ಲಿ ಅಷ್ಟೇನೂ ಜನರಿರಲಿಲ್ಲ. ಕರ್ಜತ್ ದಾಟುವಷ್ಟರಲ್ಲಿ ನಮ್ಮ ಎದುರಿನ ಸಾಲಿನವರು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋಗಿದ್ದರು. ಹೊರಗೆ ಬೂದು, ಕಂದು, ಒಣಹುಲ್ಲಿನ ಹಳದಿ. ಜುಲೈ ತಿಂಗಳಲ್ಲಿ ನಾನು ನೋಡಿದ ಒಂದೂ ಅಲ್ಲಿರಲಿಲ್ಲ. ಮೊದಲ ಹತ್ತು ನಿಮಿಷ ನನಗೆ ಅಕ್ಕನ ಮಾತೇ ಸರಿ ಎನ್ನಿಸಿತು.

ಆಮೇಲೆ ಬೆಟ್ಟ ತೆರೆದುಕೊಳ್ಳತೊಡಗಿತು. ಸಹ್ಯಾದ್ರಿಯ ಈ ಭಾಗ ಪದರ ಪದರವಾಗಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಾಯಿ ಬಿಟ್ಟು ಲಾವಾ ಉಕ್ಕಿ ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು ಕಟ್ಟಿದ ಕರಿಕಲ್ಲು ಇದು. ಪುಸ್ತಕದಲ್ಲಿ ಓದಿದ್ದು ಗೊತ್ತಿತ್ತು. ಕಣ್ಣಿಗೆ ಕಂಡದ್ದು ಅಂದೇ. ಹುಲ್ಲು ಸುಟ್ಟುಹೋದ ಗೋಡೆಗಳ ಮೇಲೆ ಒಂದೊಂದು ಹರಿವೂ ಮೆಟ್ಟಿಲಿನಂತೆ ಬೇರೆ ಬೇರೆಯಾಗಿ ನಿಂತಿತ್ತು, ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ. ಎದುರು ಕಣಿವೆಯಾಚೆ ರಾಜಮಾಚಿಯ ಎರಡು ಕೋಟೆಗಳು, ಶ್ರೀವರ್ಧನ ಮತ್ತು ಮನರಂಜನ, ಅದೇ ಪದರಗಳ ಮೇಲಿನ ಕೊನೆಯ ಮೆಟ್ಟಿಲಾಗಿ ಕಂಡವು. ಬಂಡೆಯ ಸೀಳಿನಲ್ಲಿ ಸುಣ್ಣ ಬಳಿದಂತೆ ಬಿಳಿ ತೊಗಟೆಯ ಒಂದು ಮರ ನಿಂತಿತ್ತು. ಮರಾಠಿಯವರು ಅದಕ್ಕೆ ಭುತ್ಯಾ ಎನ್ನುತ್ತಾರೆ, ರಾತ್ರಿ ನೋಡಿದವರು ಹೆದರುವ ಬಿಳುಪು. ಅದರಾಚೆ ಕುಸುಂಬದ ಮರ ಹೊಸ ಚಿಗುರಿನಿಂದ ರಕ್ತಗೆಂಪಾಗಿತ್ತು. ಬೇಸಿಗೆಯೆಂದರೆ ಎಲ್ಲ ಒಣಗಿರುತ್ತದೆ ಎಂಬ ನನ್ನ ತಿಳಿವಳಿಕೆಯೇ ಅರ್ಧಕ್ಕರ್ಧ ಸುಳ್ಳಾಗಿತ್ತು.

ಅವ್ವ ಮಾತ್ರ ಮರಗಳನ್ನು ನೋಡುತ್ತಿರಲಿಲ್ಲ. ಬಂಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳನ್ನು ಬೆರಳಿನಿಂದ ತೋರಿಸುತ್ತಾ, "ಇದು ಒಂದು. ಅದು ಎರಡು," ಎನ್ನುತ್ತಿದ್ದಳು. ನನಗೆ ತಿಳಿಯಲು ಸ್ವಲ್ಪ ಹೊತ್ತಾಯಿತು. ಜುಲೈಯಲ್ಲಿ ಮಕ್ಕಳು ಕೂಗಿ ತೋರಿಸಿದ, ಅವಳಿಗೆ ಕಾಣದ ಜಲಪಾತಗಳ ಜಾಡು ಅವು. ನೀರು ವರ್ಷವರ್ಷವೂ ಅದೇ ದಾರಿಯಲ್ಲಿ ಇಳಿದು ಕಲ್ಲನ್ನು ಕಪ್ಪಾಗಿಸಿತ್ತು, ನುಣುಪಾಗಿಸಿತ್ತು. ಕೆಲವು ಕಡೆ ಮೇಲಿನ ಪದರ ಮುಂದೆ ಚಾಚಿದ್ದು, ಕೆಳಗಿನ ಪದರ ಒಳಗೆ ಸವೆದಿತ್ತು. ನೀರು ಕಲ್ಲನ್ನು ಮುಟ್ಟದೆ ನೇರವಾಗಿ ಬೀಳುವುದು ಅಂಥ ಕಡೆಯಲ್ಲೇ. ಮಳೆಗಾಲದಲ್ಲಿ ನಾನು ನೀರನ್ನು ನೋಡಿದ್ದೆ. ಅದು ಹೀಗೆಯೇ ಯಾಕೆ ಬೀಳುತ್ತದೆ ಎಂಬುದು ಏಪ್ರಿಲಿನಲ್ಲಿ ಕಂಡಿತು. ಮಂಕಿ ಹಿಲ್ ಮುಟ್ಟುವಷ್ಟರಲ್ಲಿ ಅವ್ವ ಮೂವತ್ತೊಂದು ಎಣಿಸಿದ್ದಳು.

ಇನ್ನೊಂದು ಸಂಗತಿಯೂ ಆ ದಿನ ಕಣ್ಣಿಗೆ ಬಿತ್ತು. ಹಸಿರು ಸರಿದಾಗ ಮನುಷ್ಯರ ಕೈಕೆಲಸ ಹೊರಬರುತ್ತದೆ: ಕಲ್ಲಿನ ಕಮಾನು, ಕಣಿವೆಗೆ ಕಟ್ಟಿದ ಆನೆಕಾಲಿನಂಥ ಕಂಬ, ಬಂಡೆಯ ಮೇಲೆ ಉಳಿಯ ಗುರುತು. ಈ ಘಾಟಿನ ಕೆಲಸ ಶುರುವಾದದ್ದು 1856ರಲ್ಲಿ. ಆಗ ಮುಂಬಯಿಯ ಕಡೆಯಿಂದ ಹಳಿ ಖೋಪೋಲಿಯವರೆಗೆ ಬಂದಿತ್ತು, 1858ರಲ್ಲಿ ಪುಣೆಯ ಕಡೆಯಿಂದ ಖಂಡಾಲಕ್ಕೂ ಬಂತು. ನಡುವಿನ ಬೆಟ್ಟವನ್ನು ಪ್ರಯಾಣಿಕರು ಪಲ್ಲಕ್ಕಿಯಲ್ಲೋ ಕುದುರೆಯ ಮೇಲೋ ಹತ್ತಿ ಇನ್ನೊಂದು ಗಾಡಿ ಹಿಡಿಯಬೇಕಿತ್ತು. 25 ಸುರಂಗ, 8 ಎತ್ತರದ ಸೇತುವೆ, 1,831 ಅಡಿ ಏರು. 1861ರ ಜನವರಿಯಲ್ಲಿ ಈ ಒಂದು ಬೆಟ್ಟದ ಮೇಲೆ 42,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಕಾಲರಾದಿಂದ, ಜ್ವರದಿಂದ, ಜಾರಿಬಿದ್ದು, ಸಿಡಿಮದ್ದಿಗೆ ಸಿಕ್ಕಿ ಸತ್ತವರು ಸಾವಿರಾರು. ಗುತ್ತಿಗೆ ಹಿಡಿದು ಇಂಗ್ಲೆಂಡಿನಿಂದ ಬಂದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಊರಿಗೆ ಮರಳಲಿಲ್ಲ. ಗುತ್ತಿಗೆಯನ್ನು ತಾನೇ ವಹಿಸಿಕೊಂಡು ಕೆಲಸ ಮುಗಿಸಿಕೊಟ್ಟಳು. ಅವಳ ಹೆಸರಾದರೂ ಉಳಿದಿದೆ. ಕಲ್ಲು ಹೊತ್ತವರ ಹೆಸರುಗಳು ಆ ಕಂಬಗಳೊಳಗೆ ಹೋಗಿವೆ.

ಮಳೆ ಬಂತೆಂದರೆ ಬಯಲಿನ ಕೆಲಸವೆಲ್ಲ ನಿಲ್ಲುತ್ತಿತ್ತು. ಜನ ಚದುರಿ ಊರು ಸೇರುತ್ತಿದ್ದರು. ಮಳೆ ನಿಂತ ಮೇಲೆ ಮತ್ತೆ ಬರುತ್ತಿದ್ದರು. ಅಂದರೆ ಈ ಹಳಿ ಹಾಕಿದವರು ಕಂಡ ಬೆಟ್ಟ ನಾವು ಕ್ಯಾಲೆಂಡರಿನಲ್ಲಿ ನೋಡುವ ಹಸಿರು ಬೆಟ್ಟವಲ್ಲ. ಕಾದ ಕಲ್ಲು, ಒಣಗಿದ ಹಳ್ಳ, ಬಾಯಾರಿಕೆ. ಏಪ್ರಿಲಿನಲ್ಲಿ ನನ್ನ ಮುಂದಿದ್ದದ್ದು ಅವರು ಕಂಡದ್ದೇ. ಮಾರ್ಗ ತೆರೆದದ್ದೂ ಏಪ್ರಿಲಿನಲ್ಲಿಯೇ, 1863ರ ಏಪ್ರಿಲ್ 21ರಂದು. ನಾಲ್ಕು ವರ್ಷ ಕಳೆದು, 1867ರ ಜುಲೈಯಲ್ಲಿ, ಅದರ ಒಂದು ದೊಡ್ಡ ಸೇತುವೆ ಕುಸಿದುಬಿತ್ತು. ಅದೂ ಮಳೆಗಾಲವೇ. ಬೇಸಿಗೆ ಕಟ್ಟಿದ್ದನ್ನು ಮಳೆಗಾಲ ಪ್ರತಿ ವರ್ಷ ಪರೀಕ್ಷೆ ಮಾಡಿ ನೋಡುತ್ತದೆ.

ಖಂಡಾಲದ ಕೆಳಗೆ ಮೊದಲು ಗಾಡಿ ದಿಕ್ಕು ಬದಲಿಸುವ ನಿಲ್ದಾಣವಿತ್ತು. ಏರುತ್ತಾ ಬಂದ ಗಾಡಿ ಬೆಟ್ಟದ ಚಾಚಿನ ತುದಿಯಲ್ಲಿ, ಮುಂದೆ ಪ್ರಪಾತವಿರುವಲ್ಲಿ ನಿಲ್ಲುತ್ತಿತ್ತು. ಇಂಜಿನನ್ನು ಬಿಚ್ಚಿ ಹಿಂಬದಿಗೆ ತಂದು ಜೋಡಿಸಿ ಬಂದ ದಿಕ್ಕಿಗೆ ತಿರುವುಮುರುವಾಗಿ ಮತ್ತೆ ಹತ್ತಿಸುತ್ತಿದ್ದರು. 1929ರಲ್ಲಿ ಹೊಸ ಸುರಂಗಗಳ ಮಾರ್ಗ ಬಂದ ಮೇಲೆ ಅದನ್ನು ಕೈಬಿಟ್ಟರು. ಮರು ವರ್ಷ, 1930ರ ಜೂನ್ 1ರಂದು, ವಿದ್ಯುತ್ ಇಂಜಿನ್ನಿನ ಡೆಕ್ಕನ್ ಕ್ವೀನ್ ಓಡತೊಡಗಿತು. ನಾನು ಇದನ್ನೆಲ್ಲ ಹೇಳುತ್ತಿರುವಾಗ ಅವ್ವ, ಗುಡ್ಡದ ಬರಿ ಮೈಯನ್ನೇ ನೋಡುತ್ತಾ, "ಇಷ್ಟು ಜನ ಸೇರಿ ಮಾಡಿದ್ದು ಮಳೆಗಾಲದಲ್ಲಿ ಹುಲ್ಲಿನ ಅಡಿಯಲ್ಲಿ ಹೋಗಿಬಿಡುತ್ತದಲ್ಲ," ಎಂದಳು.

ಇಳಿಜಾರುಗಳ ಮೇಲೆ ಎಲೆ ಉದುರಿದ ತೆಳ್ಳನೆಯ ಕೋಲುಗಳು ಒತ್ತೊತ್ತಾಗಿ ನಿಂತಿದ್ದವು. ಅದು ಕಾರ್ವಿ. ಇಲ್ಲಿನ ಬುಡಕಟ್ಟು ಜನ ಅದರ ಕೋಲುಗಳನ್ನು ಹೆಣೆದು ಮಣ್ಣು ಮೆತ್ತಿ ಮನೆಗೆ ಗೋಡೆ ಮಾಡುತ್ತಾರೆ. ಏಳು ವರ್ಷ ಬರೀ ಎಲೆ ಬಿಟ್ಟು, ಎಂಟನೆಯ ವರ್ಷ ಒಮ್ಮೆಲೇ ನೇರಳೆ ಹೂ ಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2008, 2016, 2024ರಲ್ಲಿ ಅರಳಿತ್ತು. ಮುಂದಿನದು 2032 ಎಂದು ಹೇಳಿದೆ. ಅವ್ವ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. ನನಗೆ ಹೇಳಲಿಲ್ಲ.

ಮೇ ಕೊನೆಯಲ್ಲಿ ಅವಳನ್ನು ವಾಪಸು ಕರೆತರಲು ಹೋದಾಗ ಸಾಮಾನ್ಯ ಬೋಗಿಯಲ್ಲಿದ್ದೆ. ಕಕ್ಕೆಮರಗಳು ಹಳದಿ ಗೊಂಚಲು ಇಳಿಬಿಟ್ಟಿದ್ದವು. ಘಾಟಿನಲ್ಲಿ ಗಾಡಿ ನಿಧಾನವಾದಾಗ ತಲೆಯ ಮೇಲಿನ ಬಂಡೆಗೆ ಹಗ್ಗ ಕಟ್ಟಿಕೊಂಡು ನೇತಾಡುತ್ತಿದ್ದ ಐದಾರು ಜನ ಕಂಡರು. ಸಡಿಲಾದ ಕಲ್ಲುಗಳನ್ನು ಹಾರೆಯಿಂದ ಮೀಟಿ ಬೀಳಿಸುತ್ತಿದ್ದರು. ರೈಲಿನವರ ಬಾಯಲ್ಲಿ ಇವರು ಹಿಲ್ ಗ್ಯಾಂಗ್. ಮಳೆಯಲ್ಲಿ ತಾನಾಗಿ ಬೀಳಬಹುದಾದ ಕಲ್ಲನ್ನು ಮಳೆಗೆ ಮೊದಲೇ ತಾವೇ ಬೀಳಿಸುವುದು ಅವರ ಕೆಲಸ. ಅವರು ಹುಡುಕಿ ತೆಗೆದ ಒಂದೊಂದು ಕಲ್ಲೂ ಜುಲೈಯಲ್ಲಿ ಮಕ್ಕಳು ಕೂಗುತ್ತಿರುವಾಗ ಗಾಜಿನ ಚಾವಣಿಯ ಮೇಲೆ ಬೀಳದ ಕಲ್ಲು. ಹುಲ್ಲು ಬೆಳೆದ ಮೇಲೆ ಯಾವ ಕಲ್ಲು ಸಡಿಲ, ಯಾವುದು ಗಟ್ಟಿ ಎಂದು ತಿಳಿಯುವುದು ಕಷ್ಟ. ಅಜ್ಜ ಹೊಲ ನೋಡುತ್ತಿದ್ದ ಕಣ್ಣಿನಿಂದಲೇ ಇವರು ಬೆಟ್ಟ ನೋಡುತ್ತಿದ್ದರು.

ಹಿಂದಿರುಗುವಾಗ ಲೋಣಾವಳದ ಪ್ಲಾಟ್‌ಫಾರ್ಮಿನಲ್ಲಿ ಕಾಡಿನ ಕಡೆಯ ಒಬ್ಬ ಹೆಂಗಸು ಎಲೆಯ ಪೊಟ್ಟಣಗಳಲ್ಲಿ ಕರವಂದ ಮಾರುತ್ತಿದ್ದಳು. ಅವ್ವ ಕಿಟಕಿಯಿಂದಲೇ "ಕವಳಿ ಹಣ್ಣು!" ಎಂದು ಕೂಗಿದಳು. ಮಾರುವವಳಿಗೆ ಕನ್ನಡ ಬರುವುದಿಲ್ಲ, ಅವ್ವನ ಮರಾಠಿ ಎರಡು ಮಾತಿನದು. ಆದರೂ ಇಬ್ಬರೂ ಗಾಡಿ ಹೊರಡುವವರೆಗೂ ಮಾತನಾಡಿದರು. ಎರಡು ಪೊಟ್ಟಣ ಕೊಂಡೆವು. ಕರ್ಜತ್ ಬರುವವರೆಗೆ ಇಬ್ಬರ ಬೆರಳುಗಳೂ ನೇರಳೆ ಬಣ್ಣವಾಗಿದ್ದವು, ತುಟಿಗೆ ಹಣ್ಣಿನ ಹಾಲು ಅಂಟಿತ್ತು.

ಜೂನ್ ಮೂರನೆಯ ವಾರ ಮಳೆ ಹಿಡಿಯಿತು. ಅಕ್ಕನೇ ಫೋನ್ ಮಾಡಿ, ಈ ಸಲ ನಾನು ಡೊಂಬಿವಲಿಗೆ ಬರುತ್ತೇನೆ, ಮೂವರೂ ಒಟ್ಟಿಗೆ ಗಾಜಿನ ಬೋಗಿಯಲ್ಲಿ ಘಾಟ್ ಹತ್ತೋಣ ಎಂದಳು. ಕರ್ಜತ್‌ನಲ್ಲಿ ಬ್ಯಾಂಕರ್ ಜೋಡಿಸಿದರು, ಬೆನ್ನಿಗೆ ಒತ್ತು ಬಿತ್ತು, ಹಸಿರು ಶುರುವಾಯಿತು. ಮಕ್ಕಳು ಎದ್ದು ನಿಂತರು. ಅಕ್ಕ ಅವ್ವನ ಭುಜ ಮುಟ್ಟಿ, "ಅವ್ವಾ, ಅಲ್ಲಿ ನೋಡು, ಈಗ ನಿನಗೆ ಚೆನ್ನಾಗಿ ಕಾಣುತ್ತದೆಯಲ್ಲ," ಎಂದಳು. ಅವ್ವ ನೋಡಿದಳು. ಬಿಳಿಯ ನೀರು ಏಪ್ರಿಲಿನ ಒಂದು ಕಪ್ಪು ಪಟ್ಟೆಯ ಮೇಲೆಯೇ ಇಳಿಯುತ್ತಿತ್ತು. "ಅದು ಏಳನೆಯದು," ಎಂದಳು. ಅಕ್ಕನಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದಳು. ಅಷ್ಟರಲ್ಲಿ ಗಾಡಿಯ ಸದ್ದು ಕಿರಿದಾಗತೊಡಗಿತು. ಅವ್ವ ನನ್ನ ಮೊಣಕೈ ಒತ್ತಿ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ. ಸುರಂಗ ಬಂತು.